ಇನ್ನೂರು ಜನ ದಾಟದ ಸಮುದಾಯಕ್ಕೊಂದು ವಿದ್ಯಾರ್ಥಿವೇತನ

ಬೋಡಕ್‌ದೇವ್ ಅಹಮದಾಬಾದಿನ ಪಶ್ಚಿಮದ ಬಡಾವಣೆ. ಹೆದ್ದಾರಿ, ಮಾಲು, ಎತ್ತರದ ಅಪಾರ್ಟ್‌ಮೆಂಟುಗಳು. ಊರಿನ ಹೊಸ ದುಡ್ಡು ಕಾಣುವ ಜಾಗ. ಅಲ್ಲಿಂದ ಹಳೇ ಪಟ್ಟಣದ ಖಮಾಸಾ ಕಡೆಗೆ ಹೋಗಬೇಕೆಂದರೆ ಸಾಬರಮತಿ ನದಿ ದಾಟಬೇಕು. ದಾಟುವ ಸೇತುವೆಗಳಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ಎಲಿಸ್ ಬ್ರಿಜ್. 1892ರಲ್ಲಿ ಕಟ್ಟಿದ ಕಬ್ಬಿಣದ ಕಮಾನುಗಳ ಸೇತುವೆ ಅದು. ಅದಕ್ಕೂ ಮುಂಚಿನ ಮರದ ಸೇತುವೆ 1875ರ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು.

ಆ ಎಲಿಸ್ ಯಾರೆಂದು ಕೇಳಿದರೆ ‘ಯಾರೋ ಬ್ರಿಟಿಷ್ ಅಧಿಕಾರಿ’ ಎಂಬ ಉತ್ತರ ಬರುತ್ತದೆ. ಉತ್ತರ ಸರಿ, ಆದರೆ ಅರ್ಧ ಮಾತ್ರ. ಬ್ಯಾರೋ ಹೆಲ್ಬರ್ಟ್ ಎಲಿಸ್ 1823ರಲ್ಲಿ ಲಂಡನ್ನಿನ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಮುಂಬಯಿ ಪ್ರಾಂತದ ಸಿವಿಲ್ ಸರ್ವಿಸ್ ಸೇರಿದರು. ಸಿಂಧ್‌ನಲ್ಲಿದ್ದಾಗ, 1853ರಲ್ಲಿ, ಸಿಂಧಿ ಭಾಷೆಗೆ ಅರಬ್ಬಿ ಮೂಲದ 52 ಅಕ್ಷರಗಳ ಲಿಪಿಯನ್ನು ಗೊತ್ತುಮಾಡಿದ ಸಮಿತಿಯ ನೇತೃತ್ವ ಅವರದೇ. ಮುಂದೆ ವೈಸ್‌ರಾಯ್ ಕೌನ್ಸಿಲಿನ ತನಕ ಏರಿದರು. ಸೇತುವೆಯ ಜೊತೆಗೆ ಮುಂಬಯಿ ವಿಶ್ವವಿದ್ಯಾಲಯದ ಒಂದು ಬಹುಮಾನಕ್ಕೂ ಅವರ ಹೆಸರಿತ್ತು. ಜಾತಿ ಧರ್ಮ ಕೇಳದೆ, ಪರೀಕ್ಷೆಯಲ್ಲಿ ಮುಂದೆ ಬಂದವರಿಗೆ ಕೊಡುತ್ತಿದ್ದ ಬಹುಮಾನ.

ಸೇತುವೆ ದಾಟಿ ಭದ್ರ ಕೋಟೆಯ ಮಗ್ಗುಲಲ್ಲಿ ಮುಂದುವರಿದರೆ ಖಮಾಸಾದ ಬುಖಾರಾ ಮೊಹಲ್ಲಾ. ಪಾರ್ಸಿ ಅಗಿಯಾರಿಯ ಎದುರಿಗೆ ಮಾಗೆನ್ ಅಬ್ರಹಾಂ ಸಿನಗಾಗ್ ಇದೆ. ಹಾಗೆಂದರೆ ಅಬ್ರಹಾಮನ ಗುರಾಣಿ. ಕಟ್ಟಿದ್ದು 1934ರಲ್ಲಿ. ಗುಜರಾತಿನ ಯಹೂದಿಗಳಿಗೆ ಪ್ರಾರ್ಥನೆಗೆ ಉಳಿದಿರುವ ಮಂದಿರ ಇದೊಂದೇ. ಇವರು ಎಲಿಸ್‌ರಂತೆ ಲಂಡನ್ನಿನವರಲ್ಲ, ಕೊಂಕಣದಿಂದ ಬಂದ ಬೆನೆ ಇಸ್ರೇಲಿಗಳು. ಇವತ್ತು ಇಡೀ ರಾಜ್ಯದಲ್ಲಿ ಅವರ ಸಂಖ್ಯೆ ಇನ್ನೂರು ದಾಟುವುದಿಲ್ಲ. ನಮ್ಮ ಕಡೆ ಒಂದು ಮದುವೆ ಮನೆಯ ಮೊದಲ ಪಂಕ್ತಿಗೆ ಕೂರುವಷ್ಟು ಜನ.

ಈ ಇನ್ನೂರು ಜನರನ್ನು 2018ರ ಜುಲೈಯಲ್ಲಿ ಗುಜರಾತ್ ಸರ್ಕಾರ ಧಾರ್ಮಿಕ ಅಲ್ಪಸಂಖ್ಯಾತರೆಂದು ಘೋಷಿಸಿತು. ಹಾಗೆ ಘೋಷಿಸಿದರೆ ಏನು ಸಿಗುತ್ತದೆ ಎಂಬುದಕ್ಕೆ ಎಲ್ಲರೂ ಕೊಟ್ಟ ಮೊದಲ ಉದಾಹರಣೆ ಮಕ್ಕಳ ವಿದ್ಯಾರ್ಥಿವೇತನ. ಒಂದು ಶಾಲೆಯ ಎರಡು ತರಗತಿಯನ್ನೂ ತುಂಬಲಾರದಷ್ಟು ಮಕ್ಕಳಿರುವ ಸಮುದಾಯಕ್ಕೆ ವಿದ್ಯಾರ್ಥಿವೇತನ ಅಂದರೆ ಏನು? ಅದನ್ನು ಇಷ್ಟು ದಿನ ಯಾರು ಕೊಡುತ್ತಿದ್ದರು, ಏನನ್ನು ನಿರೀಕ್ಷಿಸಿ ಕೊಡುತ್ತಿದ್ದರು? ಈ ಪತ್ರದಲ್ಲಿ ಆ ಕಥೆ.

ಶನಿವಾರದ ಗಾಣಿಗರು

ಬೆನೆ ಇಸ್ರೇಲಿಗಳ ನಂಬಿಕೆಯ ಪ್ರಕಾರ ಅವರ ಪೂರ್ವಜರು ಹಡಗು ಒಡೆದು ಕೊಂಕಣದ ತೀರ ಸೇರಿದವರು. ಕೊಲಾಬಾ ಸೀಮೆಯ ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ತಿರುಗುತ್ತಿರಲಿಲ್ಲ. ಆದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಮಾತು ಮರಾಠಿ. ಅಡ್ಡಹೆಸರುಗಳೂ ಕಾರವಾರದ ಕಡೆಯ ನಮಗೆ ಪರಿಚಿತವಾದ ಧಾಟಿಯವು: ಊರ ಹೆಸರಿಗೆ ‘ಕರ್’ ಸೇರಿಸಿದರೆ ಮನೆತನದ ಹೆಸರು. ಕೆಹಿಮ್‌ನವರು ಕೆಹಿಮ್‌ಕರ್, ಹಾಗೆಯೇ ಎರುಲ್‌ಕರ್.

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಣ ಬಿಟ್ಟು ಮುಂಬಯಿ ಸೇರಿದರು. ಸೈನ್ಯ, ರೈಲ್ವೆ, ಅಂಚೆ, ಆಸ್ಪತ್ರೆಗಳ ಕೆಲಸ ಹಿಡಿದರು. ಅದೇ ಕೆಲಸಗಳ ಬೆನ್ನು ಹತ್ತಿ ಅಹಮದಾಬಾದ್, ಬರೋಡಾಗಳಿಗೂ ಬಂದರು. ಗುಜರಾತಿನಲ್ಲಿ ಅವರು ಎರಡು ಪಟ್ಟು ಅಲ್ಪಸಂಖ್ಯಾತರಾದರು. ಧರ್ಮ ಬೇರೆ, ಮನೆಯ ಮಾತೂ ಬೇರೆ.

ಸೂರತ್‌ನ ಕಥೆ ಇನ್ನೊಂದು ಬಗೆಯದು. ಸಿರಿಯಾದ ಅಲೆಪ್ಪೊದಿಂದ ಶಾಲೋಮ್ ಕೊಹೆನ್ ಎಂಬ ವರ್ತಕ 1790ರ ಹೊತ್ತಿಗೆ ಸೂರತ್‌ಗೆ ಬಂದಿಳಿದ. ಕೆಲವೇ ವರ್ಷಗಳಲ್ಲಿ ಕಲ್ಕತ್ತೆಗೆ ಹೋಗಿ ಅಲ್ಲಿನ ಯಹೂದಿ ಸಮುದಾಯಕ್ಕೆ ಬುನಾದಿ ಹಾಕಿದ. ಅರಬ್ಬಿ ಮಾತಾಡುವ ಈ ವರ್ತಕರನ್ನು ಎಲ್ಲರೂ ‘ಬಗ್ದಾದಿ’ಗಳೆಂದರು. ಅವರಿಗೂ ಬೆನೆ ಇಸ್ರೇಲಿಗಳಿಗೂ ಒಳಗೊಳಗೇ ದೂರವಿತ್ತು. ದುಡ್ಡಿದ್ದವರು ಬಗ್ದಾದಿಗಳು, ಜನವಿದ್ದದ್ದು ಬೆನೆ ಇಸ್ರೇಲಿಗಳಲ್ಲಿ. ಕೊಂಕಣದವರು ನಿಜವಾದ ಯಹೂದಿಗಳೇ ಎಂಬ ಅನುಮಾನವನ್ನು ಬಗ್ದಾದಿಗಳು ಬಹಳ ಕಾಲ ಬಿಡಲಿಲ್ಲ. ಸಹಾಯದ ಮಾತು ಬಂದಾಗಲೆಲ್ಲ ಈ ಅನುಮಾನ ಮತ್ತೆ ಮತ್ತೆ ತಲೆ ಎತ್ತುತ್ತದೆ.

ಯಾರ ದುಡ್ಡು, ಯಾರ ಶಾಲೆ

1875ರಲ್ಲಿ ಹಾಯಿಮ್ ಸಾಮ್ಯುಯೆಲ್ ಕೆಹಿಮ್‌ಕರ್ ಮುಂಬಯಿಯಲ್ಲಿ ತಮ್ಮವರ ಮಕ್ಕಳಿಗಾಗಿ ಶಾಲೆ ತೆರೆದರು. ಇಸ್ರೇಲೈಟ್ ಸ್ಕೂಲ್ ಎಂದು ಅದರ ಹೆಸರು. ಕೆಹಿಮ್‌ಕರ್ ಶ್ರೀಮಂತರಲ್ಲ. ಶಾಲೆ ನಿಲ್ಲಬೇಕಾದರೆ ಹೊರಗಿನ ಕೈ ಬೇಕಿತ್ತು. ಆ ಕೈ ಲಂಡನ್ನಿನದು. 1871ರಲ್ಲಿ ಹುಟ್ಟಿದ ಆಂಗ್ಲೋ-ಜ್ಯೂಯಿಶ್ ಅಸೋಸಿಯೇಷನ್ ಪೂರ್ವದೇಶಗಳ ಯಹೂದಿ ಶಾಲೆಗಳಿಗೆ ನೆರವು ಕಳಿಸುತ್ತಿತ್ತು. ಮುಂಬಯಿಯ ಶಾಲೆಗೂ ಕಳಿಸಿತು. ಮುಂದೆ ಹಾಂಗ್‌ಕಾಂಗ್–ಶಾಂಘೈಗಳಲ್ಲಿ ಹೆಸರು ಮಾಡಿದ ಬಗ್ದಾದಿ ವರ್ತಕ ಎಲಿ ಕದೂರಿಯ ಕುಟುಂಬದ ದಾನ ಬಂದು ಅದು ಸರ್ ಎಲಿ ಕದೂರಿ ಶಾಲೆಯಾಯಿತು.

ಇಲ್ಲಿ ನಮ್ಮ ಕಡೆಯ ಒಂದು ಉದಾಹರಣೆ ನೆನಪಾಗುತ್ತದೆ. ಅದೇ ಮುಂಬಯಿ ಪ್ರಾಂತದ ದಕ್ಷಿಣ ಭಾಗದಲ್ಲಿ ಲಿಂಗಾಯತ ಮುಖಂಡರು 1883ರಲ್ಲಿ ಧಾರವಾಡದಲ್ಲಿ ವಿದ್ಯಾಭ್ಯಾಸ ನಿಧಿ ಕಟ್ಟಿದರು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಆ ಟ್ರಸ್ಟಿನ ನೆರವಿನಿಂದ ಓದಿ ಮುಂದೆ ಬಂದವರ ಮನೆಗಳು ಉತ್ತರ ಕರ್ನಾಟಕದ ಉದ್ದಕ್ಕೂ ಇವೆ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರ ಲೆಕ್ಕ ಬೇರೆಯೇ. ಇದೆಲ್ಲ ಸಾಧ್ಯವಾದದ್ದು ಜಮೀನು ಇತ್ತು, ಮಠ ಇತ್ತು, ಓದಿ ಬಂದವನು ತಿರುಗಿ ಕೊಡುವ ಊರು ಇತ್ತು ಎಂಬ ಕಾರಣಕ್ಕೆ.

ಬೆನೆ ಇಸ್ರೇಲಿಗಳ ಹತ್ತಿರ ಇದ್ಯಾವುದೂ ಇರಲಿಲ್ಲ. ದೇಸಗತಿಯಿಲ್ಲ, ಮಠವಿಲ್ಲ, ಸಂಬಳದ ಮೇಲೆ ನಿಂತ ಸಂಸಾರಗಳು. ಚೀಲ ಬೇರೆಯವರ ಕೈಯಲ್ಲಿದ್ದ ಮೇಲೆ ಷರತ್ತೂ ಅವರದೇ ಆಗುತ್ತದೆ. ಲಂಡನ್ನಿನವರಿಗೆ ಹೀಬ್ರೂ ಕಲಿಸುವುದು ಮುಖ್ಯ. ಮರಾಠಿ ಮಾತಾಡುವ ಈ ಗಾಣಿಗರು ತಮ್ಮಂಥ ಯಹೂದಿಗಳಾಗಬೇಕು. ಮನೆಯವರಿಗೆ ಇಂಗ್ಲಿಷ್ ಮುಖ್ಯ. ಮಗನಿಗೆ ರೈಲ್ವೆಯಲ್ಲಿ ಗುಮಾಸ್ತೆ ಕೆಲಸ ಸಿಗಬೇಕು. ಶಾಲೆ ಎರಡನ್ನೂ ಕಲಿಸಿತು.

ಆ ಸಮುದಾಯದ ಅತ್ಯಂತ ದೊಡ್ಡ ಶೈಕ್ಷಣಿಕ ಯಶಸ್ಸು ಬಂದದ್ದು ಮಾತ್ರ ಎಲ್ಲರಿಗೂ ತೆರೆದ ಬಾಗಿಲಿನಿಂದ. 1905ರ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯಲ್ಲಿ ರೆಬೆಕಾ ರೂಬೆನ್ ಮೊದಲ ಸ್ಥಾನ ಪಡೆದರು. ಆ ಸ್ಥಾನ ಹುಡುಗಿಯೊಬ್ಬಳಿಗೆ ಸಿಕ್ಕಿದ್ದು ಅದೇ ಮೊದಲು. ಆಗ ಧಾರವಾಡ, ಬೆಳಗಾವಿ, ಕಾರವಾರದ ಹುಡುಗರೂ, ಅಹಮದಾಬಾದ್, ಸೂರತ್, ಕರಾಚಿಯವರೂ ಬರೆಯುತ್ತಿದ್ದದ್ದು ಅದೇ ಪರೀಕ್ಷೆ. ಅಷ್ಟೂ ಮಂದಿಯನ್ನು ಹಿಂದೆ ಹಾಕಿದವರು ಹದಿನಾರರ ಹುಡುಗಿ. ಮುಂದೆ ಇಂಗ್ಲೆಂಡಿಗೆ ಹೋಗಿ ಶಿಕ್ಷಕರ ತರಬೇತಿ ಪಡೆದರು. ಹೋದವರು ವಾಪಸು ಬಂದರು. 1922ರಿಂದ 1950ರ ತನಕ ಕೆಹಿಮ್‌ಕರ್ ಕಟ್ಟಿದ ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು. ವಿದ್ಯಾರ್ಥಿವೇತನ ಕೊಡುವವರು ಕನಸು ಕಾಣುವುದು ಇಂಥ ಒಂದು ಕಥೆಗಾಗಿ: ಕಳಿಸಿದ್ದು ಒಬ್ಬರನ್ನು, ತಿರುಗಿ ಬಂದದ್ದು ಇಪ್ಪತ್ತೆಂಟು ವರ್ಷದ ಪಾಠ.

ಹೋಗುವ ಟಿಕೆಟ್ಟು, ಬರುವ ಟಿಕೆಟ್ಟು

1948ರಲ್ಲಿ ಮುಂಬಯಿಯ ಬೆನೆ ಇಸ್ರೇಲಿ ತರುಣ ಕವಿಯೊಬ್ಬರು ಲಂಡನ್ನಿಗೆ ಹೊರಟರು. ಹೆಸರು ನಿಸ್ಸಿಮ್ ಎಜೆಕಿಯಲ್. ತಂದೆ ವಿಲ್ಸನ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ತಾಯಿ ಸ್ವಂತ ಶಾಲೆ ನಡೆಸುತ್ತಿದ್ದವರು. ಆದರೂ ಹಡಗಿನ ಖರ್ಚಿಗೆ ದುಡ್ಡಿರಲಿಲ್ಲ. ಆ ಖರ್ಚು ಕೊಟ್ಟವರು ಗೆಳೆಯ ಇಬ್ರಾಹಿಂ ಅಲ್ಕಾಜಿ. ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದ ಅದೇ ಅಲ್ಕಾಜಿ. ಅರಬ್ ಮೂಲದ ಮುಸ್ಲಿಂ ಮನೆತನದ ಹುಡುಗ ಯಹೂದಿ ಗೆಳೆಯನಿಗೆ ಪ್ರಯಾಣದ ವೆಚ್ಚ ಕೊಟ್ಟದ್ದು 1948ರಲ್ಲಿ, ಇಸ್ರೇಲ್ ಹುಟ್ಟಿ ಯುದ್ಧ ನಡೆದ ವರ್ಷದಲ್ಲಿ. ಅರ್ಜಿ ಇಲ್ಲ, ಪ್ರಮಾಣಪತ್ರ ಇಲ್ಲ. ಎಜೆಕಿಯಲ್ ಅಲ್ಲಿ ತತ್ವಶಾಸ್ತ್ರ ಓದಿದರು, ಕವಿತೆ ಬರೆದರು. 1952ರಲ್ಲಿ ತಿರುಗಿ ಬರಲು ಮತ್ತೆ ದುಡ್ಡಿಲ್ಲ. ಸರಕು ಸಾಗಣೆಯ ಹಡಗೊಂದರಲ್ಲಿ ಡೆಕ್ ಉಜ್ಜುವ ಕೆಲಸ ಮಾಡಿಕೊಂಡು ಊರು ಸೇರಿದರು. ಭಾರತೀಯ ಇಂಗ್ಲಿಷ್ ಕಾವ್ಯದ ಆಧುನಿಕ ಘಟ್ಟ ಬಹುಮಟ್ಟಿಗೆ ಅವರಿಂದ ಶುರುವಾಯಿತು.

ಅದೇ ವರ್ಷಗಳಲ್ಲಿ ಅವರ ಸಮುದಾಯದ ಸಾವಿರಾರು ಜನ ಬೇರೆ ದಿಕ್ಕಿಗೆ ಹೊರಟಿದ್ದರು. ಇಸ್ರೇಲ್ ಹುಟ್ಟಿದ ಮೇಲೆ ಅಲ್ಲಿಗೆ ಹೋಗುವ ಯಹೂದಿಗಳ ಪ್ರಯಾಣದ ಹೊಣೆಯನ್ನು ಜ್ಯೂಯಿಶ್ ಏಜೆನ್ಸಿ ಹೊತ್ತುಕೊಂಡಿತು. 1951ರಲ್ಲಿ ಭಾರತದಲ್ಲಿ ಸುಮಾರು 26 ಸಾವಿರ ಯಹೂದಿಗಳಿದ್ದರು. ಈಗ ಐದು ಸಾವಿರದೊಳಗೆ. ಕಳೆದವರನ್ನು ಯಾರೂ ಓಡಿಸಲಿಲ್ಲ. ಈ ದೇಶದಲ್ಲಿ ತಮಗೆ ದ್ವೇಷದ ಅನುಭವ ಆಗಲಿಲ್ಲವೆಂದು ಹೋದವರೇ ಹೇಳುತ್ತ ಬಂದಿದ್ದಾರೆ. ನಂಬಿಕೆ, ಕೆಲಸ, ಮಕ್ಕಳ ಮದುವೆಗೆ ಸಂಬಂಧ ಸಿಗುವ ಆಸೆ, ಇವೆಲ್ಲದರ ಜೊತೆಗೆ ಖರ್ಚಿಲ್ಲದ ಪ್ರಯಾಣವೂ ಸೇರಿತು.

ಹೋದವರಿಗೆ ಎಲ್ಲ ಸುಸೂತ್ರವಾಗಲಿಲ್ಲ. ಮೈಬಣ್ಣದ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯವಾಗುತ್ತಿದೆಯೆಂದು ದೂರಿ 1951ರ ಕೊನೆಗೆ ಒಂದು ಗುಂಪು ಟೆಲ್ ಅವೀವಿನಲ್ಲಿ ಧರಣಿ ಕೂತಿತು. ‘ನಮ್ಮನ್ನು ಭಾರತಕ್ಕೆ ಕಳಿಸಿ’ ಎಂಬುದು ಅವರ ಬೇಡಿಕೆ. ಏಜೆನ್ಸಿಯೇ ಖರ್ಚು ಹಾಕಿ 1952ರಲ್ಲಿ ನೂರಕ್ಕೂ ಹೆಚ್ಚು ಜನರನ್ನು ವಾಪಸು ಕಳಿಸಿತು. ಬಂದವರಲ್ಲಿ ಬಹಳಷ್ಟು ಮಂದಿ ಕೆಲಕಾಲದ ಮೇಲೆ ಮತ್ತೆ ಅಲ್ಲಿಗೇ ಹೋಗಲು ಕೇಳಿಕೊಂಡರು. ಎರಡು ಮನೆಗಳ ನಡುವೆ ಸಿಕ್ಕಿದವರ ಕಷ್ಟ ಅದು. ಮುಂದೆ 1962ರ ಹೊತ್ತಿಗೆ ಅಲ್ಲಿನ ಧರ್ಮಾಧಿಕಾರಿಗಳು ಬೆನೆ ಇಸ್ರೇಲಿಗಳ ಮದುವೆಗೆ ವಂಶದ ವಿಚಾರಣೆ ಆಗಬೇಕೆಂದರು. ಬಗ್ದಾದಿಗಳು ಮುಂಬಯಿಯಲ್ಲಿ ಎತ್ತಿದ್ದ ಅದೇ ಹಳೆಯ ಅನುಮಾನ ಸಮುದ್ರದಾಚೆ ಕಾದು ಕೂತಿತ್ತು. ಹರತಾಳ ಹೂಡಿದ ಮೇಲೆ, 1964ರಲ್ಲಿ, ಇಸ್ರೇಲಿನ ಸಂಸತ್ತು ಬೆನೆ ಇಸ್ರೇಲಿಗಳು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಘೋಷಿಸಿತು.

ಇವತ್ತಿನ ಪ್ರಯಾಣ ನಿಧಿಗಳು ಈ ಇತಿಹಾಸದ ಮೇಲೆಯೇ ನಿಂತಿವೆ. 1999ರಲ್ಲಿ ಶುರುವಾದ ಬರ್ತ್‌ರೈಟ್ ಯೋಜನೆ ಹದಿನೆಂಟು ದಾಟಿದ ಯಹೂದಿ ತರುಣ ತರುಣಿಯರನ್ನು ಹತ್ತು ದಿನಗಳ ಮಟ್ಟಿಗೆ ಖರ್ಚಿಲ್ಲದೆ ಇಸ್ರೇಲಿಗೆ ಕರೆದೊಯ್ಯುತ್ತದೆ. 2004ರ ಮಾಸಾ ಯೋಜನೆ ತಿಂಗಳುಗಟ್ಟಲೆ ಅಲ್ಲಿದ್ದು ಓದುವವರಿಗೆ ನೆರವು ಕೊಡುತ್ತದೆ. ಭಾರತದ ಯಹೂದಿ ಮಕ್ಕಳಿಗೂ ಈ ಬಾಗಿಲು ತೆರೆದಿದೆ. ಅಹಮದಾಬಾದಿನ ಹುಡುಗಿಗೆ ಇದು ಸಣ್ಣ ಅವಕಾಶವಲ್ಲ. ಆದರೆ ಈ ನೆರವುಗಳಿಗೆ ಒಂದೇ ದಿಕ್ಕು. ಅಲ್ಲಿಗೆ ಹೋಗಲು ಇದೆ; ಇಲ್ಲಿ ಬರೋಡಾದಲ್ಲಿ ಫೈನ್ ಆರ್ಟ್ಸ್ ಓದಲು, ಅಹಮದಾಬಾದಿನಲ್ಲಿ ಎಂಜಿನಿಯರಿಂಗ್ ಸೇರಲು ಅಲ್ಲ. ಹೋದ ಪ್ರತಿಯೊಬ್ಬ ವಿದ್ಯಾರ್ಥಿಯ ಜೊತೆಗೆ ಇಲ್ಲಿನ ಪ್ರಾರ್ಥನೆಗೂ ಒಂದು ಲೆಕ್ಕ ತಪ್ಪುತ್ತದೆ. ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದಂತೆ ಹತ್ತು ಮಂದಿ ವಯಸ್ಕ ಗಂಡಸರು ಬೇಕು. ಇನ್ನೂರು ಜನರ ಸಮುದಾಯದಲ್ಲಿ ಹತ್ತು ದೊಡ್ಡ ಸಂಖ್ಯೆ.

ಹಾಗಾಗಿ ಇಲ್ಲೇ ಇದ್ದು ಓದುವವರಿಗೆ ಯಾರು ಕೊಡಬೇಕು ಎಂಬ ಪ್ರಶ್ನೆ ಸರ್ಕಾರದ ಬಾಗಿಲಿಗೆ ಬಂತು.

ಪಟ್ಟಿಯಲ್ಲಿಲ್ಲದವರು

ರಾಷ್ಟ್ರೀಯ ಅಲ್ಪಸಂಖ್ಯಾತ ಆಯೋಗದ ಕಾಯಿದೆ 1992ರದು. ಅದರಡಿ 1993ರಲ್ಲಿ ಕೇಂದ್ರ ಐದು ಸಮುದಾಯಗಳನ್ನು ಗುರುತಿಸಿತು: ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ. 2014ರಲ್ಲಿ ಜೈನರು ಸೇರಿದರು. ಯಹೂದಿಗಳು ಇಲ್ಲ. 2007–08ರ ಸುಮಾರಿಗೆ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ಪೂರ್ವ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳನ್ನು ಶುರುಮಾಡಿದಾಗ ಅವು ಈ ಪಟ್ಟಿಯವರಿಗೆ ಮಾತ್ರ. ದೇಶದಲ್ಲಿ ಅಲ್ಪಸಂಖ್ಯಾತರ ಪೈಕಿಯೂ ಅತಿ ಕಡಿಮೆ ಇರುವವರಿಗೆ ಅಲ್ಪಸಂಖ್ಯಾತರ ಅರ್ಜಿ ತುಂಬುವ ಹಕ್ಕಿರಲಿಲ್ಲ.

ಗುಜರಾತಿನಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಮೆಟ್ರಿಕ್ ಪೂರ್ವ ಯೋಜನೆಯಲ್ಲಿ ಕೇಂದ್ರ ಮುಕ್ಕಾಲು ಪಾಲು, ರಾಜ್ಯ ಕಾಲು ಪಾಲು ಹಾಕಬೇಕಿತ್ತು. ಧರ್ಮದ ಆಧಾರದ ಮೇಲೆ ಕೊಡುವುದು ತಾರತಮ್ಯವೆಂಬ ವಾದ ಮುಂದಿಟ್ಟು ರಾಜ್ಯ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ವ್ಯಾಜ್ಯ ಹೈಕೋರ್ಟಿಗೆ ಹೋಯಿತು. 2013ರ ಫೆಬ್ರುವರಿಯಲ್ಲಿ ಐವರು ನ್ಯಾಯಾಧೀಶರ ಪೀಠ ಮೂರು–ಎರಡರ ಬಹುಮತದಿಂದ ಯೋಜನೆ ಸಂವಿಧಾನಬದ್ಧವೆಂದಿತು. ಸುಪ್ರೀಂ ಕೋರ್ಟು ತಡೆ ಕೊಡಲಿಲ್ಲ. ಐದು ವರ್ಷದ ನಂತರ, ಅದೇ ಪಕ್ಷದ ಆಡಳಿತವಿದ್ದಾಗ, ಅದೇ ರಾಜ್ಯ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ಅಹಮದಾಬಾದಿಗೆ ಬಂದಿದ್ದರು. ಜೂನ್‌ನಲ್ಲಿ ಗುಜರಾತಿನ ಮುಖ್ಯಮಂತ್ರಿ ವಿಜಯ್ ರೂಪಾಣಿ ಇಸ್ರೇಲಿಗೆ ಹೋಗಿದ್ದರು. ಜುಲೈಯಲ್ಲಿ ಆದೇಶ ಬಂತು. ಇನ್ನೂರು ಜನರ ವೋಟಿಗಾಗಿ ಯಾರೂ ಆದೇಶ ಹೊರಡಿಸುವುದಿಲ್ಲ. ದೇಶಗಳ ನಡುವಿನ ಸ್ನೇಹದ ಗಾಳಿ ಬೀಸಿದಾಗ ಚಿಕ್ಕವರ ಬಹುದಿನದ ಮನವಿಗೆ ದಾರಿಯಾಯಿತು ಎಂದು ನನಗೆ ಅನ್ನಿಸುತ್ತದೆ. ಮಹಾರಾಷ್ಟ್ರ ಇದಕ್ಕೆ ಎರಡು ವರ್ಷ ಮುಂಚೆ, 2016ರಲ್ಲಿ, ಇದೇ ತೀರ್ಮಾನ ತೆಗೆದುಕೊಂಡಿತ್ತು.

ರಾಜ್ಯಗಳು ಹೀಗೆ ತಾವೇ ಘೋಷಿಸಬಹುದೇ? ಇದಕ್ಕೆ ಉತ್ತರ ಕೊಟ್ಟದ್ದು ಕರ್ನಾಟಕದಿಂದ ಹೋದ ಮೊಕದ್ದಮೆ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ್ದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ 2002ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ವಿದ್ಯಾಸಂಸ್ಥೆಗಳ ಹಕ್ಕಿನ ಮಟ್ಟಿಗೆ ಯಾರು ಅಲ್ಪಸಂಖ್ಯಾತರು ಎಂಬುದನ್ನು ದೇಶದ ಲೆಕ್ಕದಲ್ಲಲ್ಲ, ರಾಜ್ಯದ ಲೆಕ್ಕದಲ್ಲಿ ನೋಡಬೇಕು ಎಂದಿತು. ಮಣಿಪಾಲದವರು ವಾದಿಸಿದ್ದು ವೃತ್ತಿಶಿಕ್ಷಣ ಕಾಲೇಜುಗಳ ಸ್ವಾಯತ್ತತೆಗಾಗಿ. ಖಮಾಸಾದ ಸಿನಗಾಗ್ ಅವರ ಮನಸ್ಸಿನಲ್ಲಿ ಇದ್ದಿರಲಾರದು.

2022ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು. ರಾಜ್ಯಗಳಿಗೂ ಅಲ್ಪಸಂಖ್ಯಾತರನ್ನು ಗುರುತಿಸುವ ಅಧಿಕಾರ ಇದೆ ಎಂದು ಹೇಳಲು ಅದು ಕೊಟ್ಟ ಉದಾಹರಣೆ ಎರಡು. ಒಂದು, ಮಹಾರಾಷ್ಟ್ರ ಯಹೂದಿಗಳನ್ನು ಗುರುತಿಸಿದ್ದು. ಇನ್ನೊಂದು, ಕರ್ನಾಟಕ ಉರ್ದು, ತೆಲುಗು, ತಮಿಳು, ಮಲಯಾಳಂ, ಮರಾಠಿ, ತುಳು, ಲಂಬಾಣಿ, ಹಿಂದಿ, ಕೊಂಕಣಿಗಳ ಜೊತೆಗೆ ಗುಜರಾತಿಯನ್ನೂ ಭಾಷಾ ಅಲ್ಪಸಂಖ್ಯಾತ ಭಾಷೆಯೆಂದು ಗುರುತಿಸಿದ್ದು. ಗುಜರಾತಿನಲ್ಲಿ ಎಲ್ಲೆಲ್ಲೂ ಇರುವ ಭಾಷೆ ಹುಬ್ಬಳ್ಳಿಗೆ ಬಂದರೆ ಅಲ್ಪಸಂಖ್ಯಾತ. ಬೋಡಕ್‌ದೇವ್‌ನಲ್ಲಿ ಮನೆ ಮಾಡಿರುವ ಕನ್ನಡಿಗರು ಅಲ್ಲಿ ಬೆರಳೆಣಿಕೆಯವರು. ರಾಜ್ಯದ ಗಡಿ ದಾಟಿದ ಯಾರಿಗೂ ಅಲ್ಪಸಂಖ್ಯಾತನಾಗುವುದು ಒಂದು ರಾತ್ರಿಯ ರೈಲು ಪ್ರಯಾಣದ ದೂರ.

ಗುಜರಾತಿನ 2018ರ ಆದೇಶಕ್ಕೆ ಅದರದೇ ಎಲ್ಲೆ ಇದೆ. ಅದು ಸಲ್ಲುವುದು ರಾಜ್ಯದೊಳಗೆ, ರಾಜ್ಯದ ಯೋಜನೆಗಳಿಗೆ. ಕೇಂದ್ರದ ಪಟ್ಟಿ ಬದಲಾಗಲಿಲ್ಲ. ವಿದೇಶದಲ್ಲಿ ಓದುವವರ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’, ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಎರಡೂ ಆ ಆರು ಸಮುದಾಯಗಳಿಗೆ ಮಾತ್ರ ಇದ್ದವು. 2022ರಲ್ಲಿ ಎರಡನ್ನೂ ನಿಲ್ಲಿಸಲಾಯಿತು. ಪಟ್ಟಿಯ ಹೊರಗಿದ್ದವರು ಒಳಗೆ ಬರುವ ಮುಂಚೆಯೇ ಒಳಗಿನ ಊಟ ಮುಗಿದಿತ್ತು.

ಹಾಗಾದರೆ ಆ ಆದೇಶದಿಂದ ಪ್ರಯೋಜನವೇನು? ಅದರ ಬೆಲೆ ರೂಪಾಯಿಯಲ್ಲಿ ಕಡಿಮೆ, ಕಾಗದದಲ್ಲಿ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ‘ನಿನ್ನ ಧರ್ಮ ಯಾವುದು’ ಎಂಬ ಸಾಲಿನ ಎದುರು ‘ಇತರೆ’ ಎಂದು ಬರೆದುಕೊಂಡು ಬೆಳೆದ ಮಕ್ಕಳಿಗೆ ತಮ್ಮ ಹೆಸರಿರುವ ಸರ್ಕಾರಿ ಕಾಗದ ಸಿಕ್ಕಿತು. ವಂಶವನ್ನು ಲಂಡನ್ನಿಗೆ, ಬಗ್ದಾದಿಗಳಿಗೆ, ಧರ್ಮಾಧಿಕಾರಿಗಳಿಗೆ ಸಾಬೀತು ಮಾಡುತ್ತ ಬಂದ ಜನರಿಗೆ ಇದು ಹಗುರವಾದ ಮಾತಲ್ಲ.

ಕಟ್ಟಿದವರು ಹೋದ ಮೇಲೆ

ಸಮುದಾಯಕ್ಕೆಂದು ಇಟ್ಟ ದುಡ್ಡು, ಸಮುದಾಯವೇ ಕರಗಿದರೆ ಏನಾಗಬೇಕು? ಪಾರ್ಸಿಗಳ ಒಂದು ಉದಾಹರಣೆ ಇದೆ. ಜಮ್ಷೇಟ್‌ಜಿ ಟಾಟಾ 1892ರಲ್ಲಿ ವಿದೇಶ ವಿದ್ಯಾಭ್ಯಾಸಕ್ಕೆ ನಿಧಿ ಇಟ್ಟಾಗ ಅದು ಪಾರ್ಸಿಗಳಿಗೆ ಮಾತ್ರ ಇತ್ತು. ಎರಡೇ ವರ್ಷದಲ್ಲಿ, 1894ರಲ್ಲಿ, ಎಲ್ಲ ಭಾರತೀಯರಿಗೂ ತೆರೆದರು.

ಯಹೂದಿಗಳ ಉತ್ತರ ನೋಡಬೇಕಾದರೆ ಕಲ್ಕತ್ತೆಗೆ ಹೋಗಬೇಕು. ಸೂರತ್‌ನಿಂದ ಹೋದ ಶಾಲೋಮ್ ಕೊಹೆನ್ ನೆಲೆಯೂರಿದ ಊರು. ಅಲ್ಲಿ 1881ರಲ್ಲಿ ಶುರುವಾದ ಜ್ಯೂಯಿಶ್ ಗರ್ಲ್ಸ್ ಸ್ಕೂಲ್ ಇಂದಿಗೂ ನಡೆಯುತ್ತಿದೆ. ಯಹೂದಿ ವಿದ್ಯಾರ್ಥಿನಿಯರು ಇಲ್ಲ. ಓದುವವರಲ್ಲಿ ಬಹುಪಾಲು ಮುಸ್ಲಿಂ ಹುಡುಗಿಯರು. ಸಮವಸ್ತ್ರದ ಮೇಲೆ ದಾವೀದನ ನಕ್ಷತ್ರ ಹಾಗೆಯೇ ಇದೆ. ಮುಂಬಯಿಯ ಕದೂರಿ ಶಾಲೆಯಲ್ಲೂ ಈಗ ಓದುವ ಮಕ್ಕಳು ಬಹುತೇಕ ಬೇರೆ ಸಮುದಾಯಗಳವರು. ತಮ್ಮ ಮಕ್ಕಳಿಲ್ಲವೆಂದು ಬಾಗಿಲು ಹಾಕಿ ನಿವೇಶನ ಮಾರಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಅಹಮದಾಬಾದಿನಲ್ಲಿ ಕರಗುವಿಕೆ ಇನ್ನೂ ಮುಗಿದಿಲ್ಲ. ಕಾಂಕರಿಯಾ ಕೆರೆಯ ಬಳಿ 1951ರಲ್ಲಿ ಪ್ರಾಣಿಸಂಗ್ರಹಾಲಯ ಕಟ್ಟಿದ ರೂಬೆನ್ ಡೇವಿಡ್ ಈ ಸಮುದಾಯದವರು. ಪ್ರಾಣಿವೈದ್ಯವನ್ನು ತಾವೇ ಕಲಿತು ಪದ್ಮಶ್ರೀ ಪಡೆದವರು. ಮಗಳು ಎಸ್ತರ್ ಡೇವಿಡ್ ಬೆನೆ ಇಸ್ರೇಲಿಗಳ ಬದುಕನ್ನು ಕಾದಂಬರಿಗಳಾಗಿ ಬರೆದು 2010ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ತಲೆಮಾರಿಗೆ ಒಬ್ಬಿಬ್ಬರು ಹೀಗೆ ಇಲ್ಲೇ ನಿಂತರೆ ಊರಿಗೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಈ ಒಂದು ಮನೆಯೇ ಸಾಕು.

ಇಸ್ರೇಲಿಗೆ ಹೋಗುವ ಹುಡುಗಿಗೆ ನೆರವು ಸಿಗಲಿ. ಅವಳು ಹೋಗಲಿ, ನೋಡಲಿ. ಉಳಿಯಬೇಕೆಂದರೆ ಉಳಿಯಲಿ. ಆದರೆ ತನ್ನ ಊರಿನ ಕಾಲೇಜಿನಲ್ಲೇ ಓದುತ್ತೇನೆಂದು ಹೇಳುವ ಹುಡುಗಿಗೂ ಅಷ್ಟೇ ಸುಲಭವಾಗಿ ತುಂಬಬಹುದಾದ ಒಂದು ಅರ್ಜಿ ಇರಬೇಕು. ಅಂಥವರ ಸಂಖ್ಯೆ ಒಂದೋ ಎರಡೋ ಇರಬಹುದು, ಸರ್ಕಾರದ ಬೊಕ್ಕಸಕ್ಕೆ ಅದು ಚಿಲ್ಲರೆ ಕಾಸು. ಅವಳು ಬೋಡಕ್‌ದೇವ್ ಕಡೆಯಿಂದ ಖಮಾಸಾದ ಸಿನಗಾಗಿಗೆ ಹೋಗುವಾಗ ಎಲಿಸ್ ಹೆಸರಿನ ಸೇತುವೆಯನ್ನೇ ದಾಟುತ್ತಾಳೆ. ಆ ಹೆಸರಿನಲ್ಲಿ ತನ್ನವನೊಬ್ಬನಿದ್ದಾನೆಂದು ಅವಳಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ.